ಬೇಸ್ ಗಿಟಾರ್ ಪ್ರಶ್ನೋತ್ತರ: ಹೆಸರು ಕೇಳದ ಜಿ ಅಂಡ್ ಎಲ್

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ನಾನು ನುಡಿಸುವುದು ಜಿ ಅಂಡ್ ಎಲ್ ಕಂಪನಿಯ ಎಲ್-2000 ಟ್ರಿಬ್ಯೂಟ್ ಬೇಸ್ ಗಿಟಾರ್ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಆ ಹೆಸರೇ ಕೇಳಿಲ್ಲ ಎಂದವರು ಜಾಸ್ತಿ. ಅದನ್ನೇ ಇಟ್ಟುಕೊಂಡು ಒದ್ದಾಡುತ್ತಿರುವವರೂ ಇದ್ದಾರೆ, ಬೇಸತ್ತು ಮಾರಿದವರೂ ಇದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಆ ಒಂದು ವಾದ್ಯಕ್ಕೇ.

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಎಲ್-2000 ಇದೆ. ನೋಡೋಕೆ ಫೆಂಡರ್ ಥರಾನೇ ಕಾಣುತ್ತೆ. ನಮ್ಮ ಆರ್ಕೆಸ್ಟ್ರಾ ಹುಡುಗರು "ಇದು ಫೆಂಡರ್ ಡೂಪ್ಲಿಕೇಟು, ದುಡ್ಡು ಹಾಳು ಮಾಡ್ಕೋಬೇಡ" ಅಂತಿದ್ದಾರೆ. ನಿಜವಾ? (ದಾವಣಗೆರೆಯ ಓದುಗರು)

ಉತ್ತರ: ಅಲ್ಲ. ಫೆಂಡರ್ ಅನ್ನುವ ದೊಡ್ಡ ಗಿಟಾರ್ ಕಂಪನಿಯ ಹೆಸರು ಯಾರದೋ, ಆ ಮನುಷ್ಯನೇ ಕಟ್ಟಿದ ಕಂಪನಿ ಇದು. ನಿಮ್ಮ ಹುಡುಗರಿಗೆ ಈ ಕಥೆ ಹೇಳಿ.

ಲಿಯೋ ಫೆಂಡರ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಓದಿದ್ದು ಲೆಕ್ಕಪತ್ರ, ಹೊಟ್ಟೆಪಾಡಿಗೆ ಹಿಡಿದದ್ದು ರೇಡಿಯೋ ರಿಪೇರಿ. ಚಿಕ್ಕಂದಿನಲ್ಲೇ ಒಂದು ಕಣ್ಣು ಹೋಗಿತ್ತು. ಗಿಟಾರ್ ನುಡಿಸಲು ಕೊನೆಯವರೆಗೂ ಬರುತ್ತಿರಲಿಲ್ಲ. ತಾನು ಮಾಡಿದ್ದನ್ನು ನುಡಿಸುವವರ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ಕೇಳಿಸಿಕೊಂಡು, ವಾಪಸ್ ಬಂದು ತಿದ್ದುತ್ತಿದ್ದರು. 1951ರಲ್ಲಿ ಅವರ ಪ್ರಿಸಿಷನ್ ಬೇಸ್ ಬಂತು. 1960ರಲ್ಲಿ ಜಾಝ್ ಬೇಸ್. ಇವತ್ತು ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ಅಗ್ಗದ ಬೇಸ್‌ಗಳಲ್ಲಿ ಹೆಚ್ಚಿನವು ಈ ಎರಡರ ಅಚ್ಚಿನಲ್ಲೇ ಬಂದಿರೋದು.

1965ರಲ್ಲಿ ಅವರು ಫೆಂಡರ್ ಕಂಪನಿಯನ್ನು ಅಮೆರಿಕದ ರೇಡಿಯೋ-ಟಿವಿ ಕಂಪನಿ ಸಿಬಿಎಸ್‌ಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು. ಮಾರಿದ್ದು ಕಂಪನಿಯನ್ನಷ್ಟೇ ಅಲ್ಲ, ಹೆಸರೂ ಅದರ ಜೊತೆಗೇ ಹೋಯಿತು. ಆಮೇಲೆ ಮ್ಯೂಸಿಕ್ ಮ್ಯಾನ್ ಕಂಪನಿಗಾಗಿ ಕೆಲಸ ಮಾಡಿದರು. 1976ರ ಸ್ಟಿಂಗ್‌ರೇ ಬೇಸ್ ಆಗ ಬಂದದ್ದು. ಅದರ ಹೊಟ್ಟೆಯೊಳಗೇ ಬ್ಯಾಟರಿ, ಪ್ರೀಆಂಪ್ (ಸದ್ದನ್ನು ಬಲಪಡಿಸಿ ತಿದ್ದುವ ಸರ್ಕ್ಯೂಟ್). ಕೊನೆಗೆ 1980ರ ಹೊತ್ತಿಗೆ ಹಳೆಯ ಜೊತೆಗಾರ ಜಾರ್ಜ್ ಫುಲರ್ಟನ್ ಅವರ ಜೊತೆ ಸೇರಿ ಜಿ ಅಂಡ್ ಎಲ್ ಶುರು ಮಾಡಿದರು. ಜಿ ಅಂದರೆ ಜಾರ್ಜ್, ಎಲ್ ಅಂದರೆ ಲಿಯೋ. ಕಾರ್ಖಾನೆ ಇದ್ದ ಊರಿನ ಹೆಸರೂ ಫುಲರ್ಟನ್. ಊರಿಗೂ ಜಾರ್ಜ್ ಅವರ ಮನೆತನಕ್ಕೂ ಸಂಬಂಧವಿಲ್ಲ, ಹಾಗೆ ಕೂಡಿಬಂದದ್ದು ಅಷ್ಟೇ. ಕಂಪನಿಯ ಮೊದಲ ಬೇಸ್‌ಗಳು ಎಲ್-1000 ಮತ್ತು ಎಲ್-2000. ತಾನು ಜೀವನದಲ್ಲಿ ಮಾಡಿದವುಗಳಲ್ಲಿ ಜಿ ಅಂಡ್ ಎಲ್ ವಾದ್ಯಗಳೇ ಚೆನ್ನ ಎಂದು ಲಿಯೋ ಹೇಳಿಕೊಂಡಿದ್ದರು. 1991ರಲ್ಲಿ ತೀರಿಕೊಂಡರು. ಆಮೇಲೆ ಕಂಪನಿ ಬಿಬಿಇ ಸೌಂಡ್ ಅನ್ನುವ ಇನ್ನೊಂದು ಕಂಪನಿಯ ಕೈಗೆ ಹೋಯಿತು. ಟ್ರಿಬ್ಯೂಟ್ ಅನ್ನುವುದು ಅದರ ಕಡಿಮೆ ಬೆಲೆಯ ಸಾಲು. ಮೊದಲು ಜಪಾನಿನಲ್ಲಿ, ಆಮೇಲೆ ಕೊರಿಯಾದಲ್ಲಿ, ಇಂಡೋನೇಷ್ಯಾದಲ್ಲಿ ತಯಾರಾದದ್ದು.

ನೋಡೋಕೆ ಫೆಂಡರ್ ಥರ ಕಾಣುತ್ತೆ ಅಂದಿರಲ್ಲ, ಎರಡಕ್ಕೂ ಒಂದೇ ಕೈಬರಹ. ಆದರೆ ಒಳಗೆ ಬೇರೆ. ಮೂವತ್ತು ವರ್ಷ ಕಲಿತದ್ದನ್ನೆಲ್ಲ ಸೇರಿಸಿ ಮಾಡಿದ ಬೇಸ್ ಇದು. ದುಡ್ಡು ಹಾಳಾಗಲ್ಲ.

ಪ್ರಶ್ನೆ: ಅಕ್ಕಾ, ನಾಲ್ಕು ತಿಂಗಳ ಹಿಂದೆ ಟ್ರಿಬ್ಯೂಟ್ ಎಲ್-2000 ತಗೊಂಡೆ. ಮನೆಯಲ್ಲಿ ಕೇಳಿದರೆ ಅದ್ಭುತ. ಸ್ಟೇಜಿಗೆ ಹೋದರೆ ಎಲ್ಲ ಗಿಜಿಗಿಜಿ. ಹಾಡುವವರು "ಬೇಸ್ ಕಡಿಮೆ ಮಾಡಪ್ಪ" ಅಂತ ಕೈ ಸನ್ನೆ ಮಾಡ್ತಾನೇ ಇರ್ತಾರೆ. ಮೂರು ನಾಬ್, ಮೂರು ಸ್ವಿಚ್. ಯಾವುದು ಏನು ಅಂತ ಇನ್ನೂ ತಲೆಗೆ ಹತ್ತಿಲ್ಲ. (ಹಾಸನದ ಓದುಗರು)

ಉತ್ತರ: ನಿಮ್ಮ ಪತ್ರ ಓದಿ ನನಗೆ 2012ರ ಒಂದು ಸಂಜೆ ನೆನಪಾಯಿತು. ಶಿವಮೊಗ್ಗದಲ್ಲಿ ಒಂದು ಆರತಕ್ಷತೆ. ದೊಡ್ಡ ಕಲ್ಯಾಣ ಮಂಟಪ, ಗ್ರಾನೈಟ್ ನೆಲ, ಎತ್ತರದ ತಾರಸಿ. ಬೇಸ್ ತಗೊಂಡು ಹದಿನೈದು ದಿನ ಆಗಿತ್ತು. 28 ಸಾವಿರ ಕೊಟ್ಟಿದ್ದೆ, ಅಷ್ಟು ದುಡ್ಡು ಅದುವರೆಗೆ ಯಾವ ವಾದ್ಯಕ್ಕೂ ಹಾಕಿರಲಿಲ್ಲ. ಎಲ್ಲ ನಾಬ್ ಪೂರ್ತಿ ತಿರುಗಿಸಿ, ಎಲ್ಲ ಸ್ವಿಚ್ ಜೋರಾಗಿರೋ ಕಡೆಗೆ ತಳ್ಳಿ ನಿಂತೆ. ಮೊದಲ ಹಾಡಿನ ಪಲ್ಲವಿ ಮುಗಿಯೋ ಮುಂಚೆ ಮಂಟಪ ತುಂಬ ಗುಂಯ್ ಅನ್ನುವ ಒಂದೇ ಸದ್ದು. ಢೋಲಕ್ ಕೇಳಲಿಲ್ಲ. ಹಾಡುಗಾರ್ತಿ ಶ್ರುತಿ ಹಿಡಿಯಲಾರದೆ ನನ್ನ ಕಡೆ ತಿರುಗಿದರು. ಎರಡನೇ ಹಾಡಿಗೆ ಸೌಂಡಿನವರು ಮಿಕ್ಸರಿನಲ್ಲಿ ನನ್ನ ಲೈನನ್ನೇ ಇಳಿಸಿಬಿಟ್ಟರು. ಅವತ್ತು ಉಳಿದ ಹದಿನೆಂಟು ಹಾಡು ಯಾರಿಗೂ ಕೇಳದ ಬೇಸ್ ನುಡಿಸಿದೆ. ಮನೆಗೆ ಬಂದು ಅತ್ತಿದ್ದೆ.

ಮಾರನೇ ದಿನ ಕೂತು ಒಂದೊಂದೇ ಸ್ವಿಚ್ ಕೇಳಿಸಿಕೊಂಡೆ. ಅವತ್ತು ಗೊತ್ತಾದದ್ದನ್ನೇ ನಿಮಗೂ ಹೇಳುತ್ತೇನೆ.

ಪಿಕಪ್ ಅಂದರೆ ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ. ಈ ಬೇಸ್‌ನ ಪಿಕಪ್‌ಗೆ ಎಂಎಫ್‌ಡಿ ಅಂತ ಹೆಸರು, ಮ್ಯಾಗ್ನೆಟಿಕ್ ಫೀಲ್ಡ್ ಡಿಸೈನ್. ಹಳೆಯ ಫೆಂಡರ್‌ಗಳಲ್ಲಿ ತಂತಿಯ ಕೆಳಗೆ ಕಾಣುವ ಗುಂಡುಗಳೇ ಅಯಸ್ಕಾಂತ. ಇದರಲ್ಲಿ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಇದೆ, ಮೇಲೆ ಕಾಣುವುದು ಕಬ್ಬಿಣದ ಸ್ಕ್ರೂಗಳು. ಒಂದೊಂದು ಪಿಕಪ್‌ನಲ್ಲಿ ಎಂಟು, ಅಂದರೆ ತಂತಿಗೆ ಎರಡು. ಇಂಥ ಪಿಕಪ್ ಎರಡಿವೆ. ಸದ್ದು ತುಂಬಾ ಜೋರು. ಬೇರೆ ಬೇಸ್‌ಗೆ ಸರಿಯಾಗಿದ್ದ ಆಂಪ್‌ಗೆ ಇದನ್ನು ಹಾಗೇ ಹಾಕಿದರೆ ಗರ್ ಅನ್ನುತ್ತೆ. ಹಾಗಾಗಿ ಮೊದಲ ಕೆಲಸ, ಆಂಪ್‌ನ ಇನ್‌ಪುಟ್ ಗೇನ್, ಅಂದರೆ ಒಳಗೆ ಬರುವ ಸದ್ದಿನ ಮಟ್ಟ, ಇಳಿಸುವುದು.

ಇನ್ನು ನಾಬ್‌ಗಳು. ಒಂದು ವಾಲ್ಯೂಮ್, ಒಂದು ಟ್ರೆಬಲ್, ಒಂದು ಬೇಸ್. ಬೇರೆ ಹಲವು ಬ್ಯಾಟರಿ ಬೇಸ್‌ಗಳಲ್ಲಿ ನಾಬ್ ನಡುವೆ ಇದ್ದರೆ ಸಮ, ಆ ಕಡೆ ತಿರುಗಿಸಿದರೆ ಏರುತ್ತೆ, ಈ ಕಡೆ ಇಳಿಯುತ್ತೆ. ಇದು ಹಾಗಲ್ಲ. ಇಲ್ಲಿ ಎರಡು ಟೋನ್ ನಾಬ್‌ಗಳೂ ಬರೀ ಕಡಿಮೆ ಮಾಡುತ್ತವೆ. ಪೂರ್ತಿ ತೆರೆದಿದ್ದರೆ ಇರೋದೆಲ್ಲ ಹೊರಗೆ ಬರುತ್ತೆ ಅಷ್ಟೇ, ಹೆಚ್ಚೇನೂ ಸೇರಲ್ಲ. ಬೇಸ್ ನಾಬ್ ಇಳಿಸುತ್ತಾ ಹೋದರೆ ಕೆಳಗಿನ ಸದ್ದು ಮೆಲ್ಲಗೆ ಕರಗುತ್ತೆ, ಸ್ವರದ ಆಕಾರ ಕಾಣುತ್ತೆ. ಬೇಸ್ ಗಿಟಾರಿನಲ್ಲಿ ಬೇಸ್ ಕಡಿಮೆ ಮಾಡೋ ನಾಬ್ ಯಾಕೆ ಅಂತ ನನಗೂ ಮೊದಲು ಅನ್ನಿಸಿತ್ತು. ನಮ್ಮ ಕಲ್ಯಾಣ ಮಂಟಪಗಳಿಗೆ ಅದೇ ಮದ್ದು. ಅಲ್ಲಿ ಕೆಳಗಿನ ಸದ್ದನ್ನು ಗೋಡೆಯೇ ಕೊಡುತ್ತೆ, ನಾವು ಕೊಡಬೇಕಿಲ್ಲ.

ಸ್ವಿಚ್‌ಗಳಲ್ಲಿ ಒಂದು ಪಿಕಪ್ ಆರಿಸೋದು: ಮುಂದಿನದು, ಎರಡೂ, ಹಿಂದಿನದು. ಎರಡನೆಯದು ಸೀರೀಸ್, ಪ್ಯಾರಲಲ್. ಸೀರೀಸ್‌ನಲ್ಲಿ ಸದ್ದು ದಪ್ಪ ಮತ್ತು ಜೋರು, ನಡುಭಾಗ ಉಬ್ಬುತ್ತೆ. ಪ್ಯಾರಲಲ್‌ನಲ್ಲಿ ಸ್ವಲ್ಪ ತೆಳುವಾಗಿ ಬಿಡಿಬಿಡಿಯಾಗಿ ಕೇಳುತ್ತೆ. ಮೂರನೆಯದು ಬ್ಯಾಟರಿಗೆ ಸಂಬಂಧಿಸಿದ್ದು. ಒಂದು ಕಡೆ ಪ್ಯಾಸಿವ್, ಅಂದರೆ ಪ್ರೀಆಂಪ್ ಇಲ್ಲ. ನಡುವೆ ಆ್ಯಕ್ಟಿವ್. ಇನ್ನೊಂದು ಕಡೆ ಆ್ಯಕ್ಟಿವ್ ಜೊತೆಗೆ ಟ್ರೆಬಲ್ ಏರಿಕೆ. ಈ ಕೊನೆಯದನ್ನು ನಾನು ಹದಿಮೂರು ವರ್ಷದಲ್ಲಿ ಸ್ಟೇಜಿನ ಮೇಲೆ ಐದು ಸಲ ಬಳಸಿದ್ದರೆ ಹೆಚ್ಚು. ಹೆಬ್ಬೆರಳಿನಿಂದ ಹೊಡೆದು ನುಡಿಸುವವರಿಗೆ ಅದು ಬೇಕಾಗಬಹುದು.

ನಾನು ನಿಲ್ಲಿಸಿಕೊಂಡಿರೋದು ಹೀಗೆ. ಎರಡೂ ಪಿಕಪ್, ಪ್ಯಾರಲಲ್, ಪ್ಯಾಸಿವ್. ಟ್ರೆಬಲ್ ಅರ್ಧಕ್ಕಿಂತ ಒಂಚೂರು ಮೇಲೆ. ಬಯಲಿನ ಕಾರ್ಯಕ್ರಮವಾದರೆ ಬೇಸ್ ನಾಬ್ ಮುಕ್ಕಾಲು, ಮಂಟಪವಾದರೆ ಅರ್ಧ. ಇದರಲ್ಲಿ ಒಂದು ತಿಂಗಳು ನುಡಿಸಿ. ಉಳಿದ ಸ್ವಿಚ್ ಮುಟ್ಟಲೇಬೇಡಿ.

ಇನ್ನೊಂದು ಮಾತು, ಇದು ಎಲ್ಲ ಬೇಸ್‌ಗೂ ಸೇರಿದ್ದು. ದಪ್ಪ ತಂತಿಯ ಮೂರನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಬರುವ ಜಿ ಸ್ವರ 49 ಹರ್ಟ್ಝ್. ನಮ್ಮ ಕರೆಂಟಿನ ಹಮ್, ಅಂದರೆ ಗುಂಯ್ ಅನ್ನುವ ಸದ್ದು, 50 ಹರ್ಟ್ಝ್. ಗಣಪತಿ ಪೆಂಡಾಲಿನಲ್ಲಿ ಸೀರಿಯಲ್ ಸೆಟ್, ಜನರೇಟರ್ ಎಲ್ಲ ಸೇರಿ ಹಮ್ ಮಾಡಿದರೆ ಆ ಸ್ವರದ ಪಕ್ಕದಲ್ಲೇ ಕೂತು ಅದನ್ನು ಕೆಡಿಸುತ್ತೆ. ನನ್ನ ಹಳೆಯ ಬೇಸ್‌ನಲ್ಲಿ ಜಿ ಶ್ರುತಿಯ ಹಾಡು ಬಂದರೆ ಭಯವಾಗುತ್ತಿತ್ತು. ಎಲ್-2000ದ ಪಿಕಪ್‌ನಲ್ಲಿ ಎರಡು ಸುರುಳಿ ಇರುವುದರಿಂದ ಒಂದರ ಹಮ್ ಅನ್ನು ಇನ್ನೊಂದು ಹೊಡೆದುಹಾಕುತ್ತೆ, ಸೀರೀಸ್ ಇರಲಿ ಪ್ಯಾರಲಲ್ ಇರಲಿ. ನಾನು ಈ ವಾದ್ಯವನ್ನು ಬಿಡದೆ ಇರೋದಕ್ಕೆ ಅರ್ಧ ಕಾರಣ ಈ ನಿಶ್ಶಬ್ದ.

ಪ್ರಶ್ನೆ: ಕಾರ್ಯಕ್ರಮದ ನಡುವೆ ನನ್ನ ಎಲ್-2000 ಸದ್ದು ಸಣ್ಣಗಾಗಿ, ಒಡೆದು, ನಿಂತೇ ಹೋಯಿತು. ಒಳಗಿನ ಸರ್ಕ್ಯೂಟ್ ಸುಟ್ಟಿದೆಯಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಮೂರನೇ ಸ್ವಿಚ್ ಪ್ಯಾಸಿವ್‌ಗೆ ತಳ್ಳಿ ನೋಡಿ. ಸದ್ದು ಬಂತಾ? ಹಾಗಾದರೆ ಬ್ಯಾಟರಿ ಮುಗಿದಿದೆ ಅಷ್ಟೇ.

ನನಗೆ ಹೀಗೇ ಆದಾಗ ಒಬ್ಬ ರಿಪೇರಿಯವರ ಹತ್ತಿರ ತಗೊಂಡು ಹೋಗಿದ್ದೆ. ಸರ್ಕ್ಯೂಟ್ ಹೋಗಿದೆ, ಪೂರ್ತಿ ಬದಲಾಯಿಸಬೇಕು ಅಂತ ಆರು ಸಾವಿರ ಹೇಳಿದರು. ಅದೃಷ್ಟಕ್ಕೆ ಅವತ್ತು ಕೈಯಲ್ಲಿ ದುಡ್ಡಿರಲಿಲ್ಲ. ಮನೆಗೆ ಬಂದು ಹೊಸ 9 ವೋಲ್ಟ್ ಬ್ಯಾಟರಿ ಹಾಕಿದೆ, ಸರಿಹೋಯಿತು. ಕೇಬಲ್ ಚುಚ್ಚಿಟ್ಟೇ ಮಲಗಬೇಡಿ, ರಾತ್ರಿಯೆಲ್ಲ ಬ್ಯಾಟರಿ ಖರ್ಚಾಗುತ್ತೆ. ಬ್ಯಾಗಿನಲ್ಲಿ ಒಂದು ಬ್ಯಾಟರಿ, ಒಂದು ಸ್ಕ್ರೂಡ್ರೈವರ್ ಯಾವಾಗಲೂ ಇರಲಿ.

ಪ್ಯಾಸಿವ್‌ನಲ್ಲೂ ಸದ್ದಿಲ್ಲದಿದ್ದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಜಾಕ್ ಸಡಿಲ ಆಗಿದೆಯಾ ನೋಡಿ. ಸರ್ಕ್ಯೂಟಿನ ಮೇಲೆ ಅನುಮಾನ ಪಡೋದು ಕೊನೆಗೆ.

ಪ್ರಶ್ನೆ: ಇಂಟೊನೇಷನ್ (ಪ್ರತಿ ಫ್ರೆಟ್‌ನಲ್ಲೂ ಶ್ರುತಿ ಸರಿ ಬರೋದು) ಸರಿಮಾಡಲು ಬ್ರಿಜ್‌ನ ಸ್ಕ್ರೂ ತಿರುಗಿಸಿದರೆ ಸ್ಯಾಡಲ್ (ಬ್ರಿಜ್‌ನಲ್ಲಿ ತಂತಿ ಕೂರುವ ತುಂಡು) ಅಲುಗೋದೇ ಇಲ್ಲ. ಜೋರು ಮಾಡಿದರೆ ಮುರಿಯುತ್ತೇನೋ ಅಂತ ಭಯ. (ಬೆಳಗಾವಿಯ ಓದುಗರು)

ಉತ್ತರ: ಜೋರು ಮಾಡಬೇಡಿ, ಒಳ್ಳೆ ಸಮಯಕ್ಕೆ ನಿಲ್ಲಿಸಿದ್ದೀರಿ. ಈ ಬ್ರಿಜ್‌ಗೆ ಸ್ಯಾಡಲ್-ಲಾಕ್ ಅಂತಾರೆ. ಬ್ರಿಜ್‌ನ ಪಕ್ಕದಲ್ಲಿ, ಅಂಚಿನಲ್ಲಿ, ಒಂದು ಪುಟ್ಟ ಸ್ಕ್ರೂ ಇದೆ. ಅದು ನಾಲ್ಕೂ ಸ್ಯಾಡಲ್‌ಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತೆ. ಮೊದಲು ಅದನ್ನು ಸಡಿಲ ಮಾಡಿ, ಆಮೇಲೆ ಎತ್ತರವೋ ಇಂಟೊನೇಷನ್ನೋ ಸರಿಮಾಡಿ, ಕೊನೆಗೆ ಮತ್ತೆ ಬಿಗಿ ಮಾಡಿ. ಲಿಯೋ ಯಾಕೆ ಹೀಗೆ ಮಾಡಿದರು ಅಂದರೆ, ಸ್ಯಾಡಲ್ ಪಕ್ಕಕ್ಕೆ ಅಲುಗಾಡದೆ ತಂತಿಯ ಕಂಪನ ಪೂರ್ತಿ ಮರಕ್ಕೆ ಇಳಿಯಲಿ ಅಂತ. ಬ್ರಿಜ್‌ನ ಒಂದು ಭಾಗವೇ ಮರದೊಳಗೆ ಇಳಿದು ಕೂತಿರುತ್ತೆ. ಬಿಚ್ಚಿದಾಗ ಒಮ್ಮೆ ನೋಡಿ, ಕೆಲಸ ಎಷ್ಟು ಚೆಂದ ಇದೆ ಅಂತ.

ಪಿಕಪ್‌ನ ಎಂಟು ಸ್ಕ್ರೂಗಳನ್ನೂ ಅಲೆನ್ ಕೀಯಿಂದ ಮೇಲೆ ಕೆಳಗೆ ಮಾಡಬಹುದು. ಯಾವುದಾದರೂ ತಂತಿ ಸಣ್ಣಗೆ ಕೇಳಿದರೆ ಅದರ ಕೆಳಗಿನ ಎರಡನ್ನು ಕಾಲು ಸುತ್ತು ಎತ್ತಿ. ನನ್ನದರಲ್ಲಿ ತೆಳ್ಳಗಿನ ಜಿ ತಂತಿಗೆ ಎತ್ತಿದ್ದೇನೆ, ಇ ತಂತಿಗೆ ಇಳಿಸಿದ್ದೇನೆ. ಹೆಚ್ಚಿನ ಜನ ಎತ್ತೋದನ್ನೇ ನೋಡ್ತಾರೆ. ಜೋರಾಗಿರೋದನ್ನು ಇಳಿಸಿದರೂ ಅದೇ ಸಮ ಬರುತ್ತೆ, ಅಲ್ವಾ?

ಪ್ರಶ್ನೆ: ನಮ್ಮ ಕಡೆ ಮಳೆ ನಿಮಗೆ ಗೊತ್ತೇ ಇದೆ. ಜುಲೈ ಬಂತೆಂದರೆ ತಂತಿ ಮೇಲೆದ್ದು ನುಡಿಸಲು ಬೆರಳು ನೋವು. ವಾದ್ಯವೇ ಸರಿಯಿಲ್ಲ ಅಂತ ಮಾರಿಬಿಡಲಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಮಾರಬೇಡಿ. ನನ್ನ ತವರು ಆಗುಂಬೆ ಘಾಟಿಯ ಕೆಳಗೆ, ಹಾಗಾಗಿ ಆ ಮಳೆ ಚೆನ್ನಾಗಿ ಗೊತ್ತು. ಮರ ತೇವ ಕುಡಿಯುತ್ತೆ, ನೆಕ್ ಬಾಗುತ್ತೆ. ಬಾಗಿಲು ಮಳೆಗಾಲದಲ್ಲಿ ಕಚ್ಚಿಕೊಳ್ಳಲ್ವಾ, ಹಾಗೇ. ಯಾವ ಬ್ರ್ಯಾಂಡ್ ಆದರೂ ಒಂದೇ.

ದಪ್ಪ ತಂತಿಯನ್ನು ಎಡಗೈಯಲ್ಲಿ ಮೊದಲ ಫ್ರೆಟ್‌ಗೆ ಒತ್ತಿ. ಬಲಗೈಯಲ್ಲಿ ನೆಕ್ ಮೈಗೆ ಸೇರುವ ಕಡೆಯ ಫ್ರೆಟ್‌ಗೆ ಒತ್ತಿ. ಈಗ ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸರಿ. ಎರಡು ಮೂರು ಕಾರ್ಡ್ ಹೋದರೆ ಟ್ರಸ್ ರಾಡ್, ಅಂದರೆ ನೆಕ್ ಒಳಗಿನ ಲೋಹದ ಸರಳು, ಬಿಗಿ ಮಾಡಬೇಕು. ತಂತಿಯನ್ನು ಸ್ವಲ್ಪ ಸಡಿಲಿಸಿ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ ಒಂದು ದಿನ ಬಿಡಿ. ಮಾರನೇ ದಿನ ನೋಡಿ, ಬೇಕಿದ್ದರೆ ಇನ್ನೊಂದು ಕಾಲು. ಬಿಗಿಯಾಗಿ ನಿಂತರೆ ಬಲ ಹಾಕಬೇಡಿ, ತಿಳಿದವರ ಕೈಗೆ ಕೊಡಿ. ಬೇಸಿಗೆಯಲ್ಲಿ ಇದೇ ಕೆಲಸ ಉಲ್ಟಾ ದಿಕ್ಕಿಗೆ ಮಾಡಬೇಕಾಗಬಹುದು. ನಾನು ವರ್ಷಕ್ಕೆ ಎರಡು ಸಲ ಮಾಡುತ್ತೇನೆ, ಗೌರಿ ಹಬ್ಬದ ಮುಂಚೆ ಒಮ್ಮೆ, ಶಿವರಾತ್ರಿ ಕಳೆದ ಮೇಲೆ ಒಮ್ಮೆ.

ಹೊರಗಿನ ಗೋಡೆಗೆ ಒರಗಿಸಿ ಇಡಬೇಡಿ, ಆ ಗೋಡೆ ಮಳೆಗಾಲವಿಡೀ ಒದ್ದೆ. ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನುಡಿಸಿದ ಮೇಲೆ ತಂತಿ ಒರೆಸಿ.

ಪ್ರಶ್ನೆ: ಬೆರಳು ಓಡುವ ಪಟ್ಟಿಗೆ ನಮ್ಮ ಕಾಡಿನ ಬೀಟೆ ಮರ ಬಳಸ್ತಾರೆ ಅಂತ ಕೇಳಿದ್ದೆ. ಹೌದಾ? (ಶಿರಸಿಯ ಓದುಗರು)

ಉತ್ತರ: ಹೌದು, ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಬೀಟೆಯೇ. ಪಶ್ಚಿಮ ಘಟ್ಟದ ಮರ, ಪ್ರಪಂಚದ ಗಿಟಾರ್ ಮಾಡುವವರಿಗೆಲ್ಲ ಬೇಕಾದದ್ದು. ಆದರೆ ರೋಸ್‌ವುಡ್ ಅಂದದ್ದೆಲ್ಲ ಬೀಟೆ ಅಲ್ಲ. ಜಿ ಅಂಡ್ ಎಲ್‌ನಲ್ಲಿ ಮೇಪಲ್ ಪಟ್ಟಿಯವೂ ಇವೆ, ಬ್ರೆಜಿಲಿಯನ್ ಚೆರ್ರಿ ಅನ್ನುವ ಬೇರೆ ಮರದವೂ ಇವೆ. 2017ರ ಜನವರಿಯಿಂದ ರೋಸ್‌ವುಡ್ ಜಾತಿಯ ಮರಗಳ ಸಾಗಾಟಕ್ಕೆ ಅಂತರರಾಷ್ಟ್ರೀಯ ನಿಯಮ ಬಿಗಿಯಾಗಿತ್ತು, ಮಾರಾಟಕ್ಕೆ ವಾದ್ಯ ಗಡಿ ದಾಟಿಸಲೂ ಕಾಗದಪತ್ರ ಬೇಕಿತ್ತು. 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನನ್ನದರಲ್ಲಿ ಕಪ್ಪುಗೆಂಪು ರೋಸ್‌ವುಡ್ ಪಟ್ಟಿ ಇದೆ. ಘಟ್ಟದ ಮರವೇ ಇರಲಿ ಅಂತ ಮನಸ್ಸಿಗೆ ಆಸೆ.

ಪ್ರಶ್ನೆ: ನಾನು ಎಲ್-2000 ಎರಡು ವರ್ಷ ಇಟ್ಟುಕೊಂಡು ಮಾರಿದೆ. ಭಾರ ತಡೆಯಲಿಲ್ಲ, ಸ್ವಿಚ್ ನೋಡಿಕೊಳ್ಳೋದರಲ್ಲೇ ಹಾಡು ಮುಗಿಯುತ್ತಿತ್ತು. ನೀವು ಅದನ್ನು ಹೊಗಳೋದು ಸರಿ ಅನ್ನಿಸಲಿಲ್ಲ. (ಮಂಗಳೂರಿನ ಓದುಗರು)

ಉತ್ತರ: ನಿಮ್ಮ ಅನುಭವ ನಿಜ. ನನ್ನದನ್ನು ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದೇನೆ, ನಾಲ್ಕೂವರೆ ಕೆ.ಜಿ. ಮೂರು ಗಂಟೆ ಹೆಗಲಿಗೆ ಹಾಕಿಕೊಂಡರೆ ಭಾರವೇ. ಮೂರು ಇಂಚು ಅಗಲದ ಹೆಗಲ ಪಟ್ಟಿ ಹಾಕಿದ ಮೇಲೆ ನನಗೆ ತಡೆಯುವಂತಾಯಿತು, ಆದರೆ ಬೆನ್ನು ನೋವಿರುವವರಿಗೆ ನಾನು ಇದನ್ನು ಕೊಳ್ಳಿ ಅನ್ನಲ್ಲ. ಸ್ವಿಚ್ ಬೇಡದವರಿಗೆ ಅದೇ ಕಂಪನಿಯ ಎಸ್‌ಬಿ-2 ಇದೆ. ಬ್ಯಾಟರಿ ಇಲ್ಲ, ಸೀರೀಸ್ ಪ್ಯಾರಲಲ್ ಇಲ್ಲ. ಪಿಕಪ್ ಮಾತ್ರ ಎಂಎಫ್‌ಡಿ ಬಗೆಯದೇ. ಮತ್ತೆ ಯಾವತ್ತಾದರೂ ಮನಸ್ಸಾದರೆ ಅದನ್ನು ಒಮ್ಮೆ ಹಿಡಿದು ನೋಡಿ.

ಪ್ರಶ್ನೆ: ಡಿಸೆಂಬರಿನಲ್ಲಿ ಊರಿಗೆ ಬರ್ತಿದ್ದೇನೆ. ಇಲ್ಲಿ 80ರ ದಶಕದ, ಫುಲರ್ಟನ್‌ನಲ್ಲೇ ಆದ ಎಲ್-2000 ಒಂದು ಕಣ್ಣಿಗೆ ಬಿದ್ದಿದೆ. ತಮ್ಮನಿಗೆ ತರಲಾ, ಟ್ರಿಬ್ಯೂಟ್ ಸಾಕಾ? (ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಿಂದ)

ಉತ್ತರ: ತಮ್ಮ ಈಗಷ್ಟೇ ಕಲಿಯುತ್ತಿದ್ದರೆ ಟ್ರಿಬ್ಯೂಟ್ ಸಾಕು. ಹತ್ತು ವರ್ಷದಿಂದ ನುಡಿಸುತ್ತಿದ್ದರೆ ಆ ಹಳೆಯದನ್ನು ಬಿಡಬೇಡಿ. ಲಿಯೋ ಇನ್ನೂ ದಿನಾ ಕೆಲಸಕ್ಕೆ ಬರುತ್ತಿದ್ದ ಕಾರ್ಖಾನೆಯಿಂದ ಹೊರಬಂದ ವಾದ್ಯ ಅದು. ನೋಡುವಾಗ ಟ್ರಸ್ ರಾಡ್ ತಿರುಗುತ್ತಾ, ಫ್ರೆಟ್ ಸವೆದಿದೆಯಾ, ಮೂರೂ ಸ್ವಿಚ್ ಪ್ರತಿ ಜಾಗದಲ್ಲೂ ಸದ್ದು ಕೊಡುತ್ತಾ ಅಂತ ಪರೀಕ್ಷೆ ಮಾಡಿ. ಗಟ್ಟಿ ಕೇಸಿನಲ್ಲಿ, ತಂತಿ ಸ್ವಲ್ಪ ಸಡಿಲಿಸಿ ತನ್ನಿ.

ಪ್ರಶ್ನೆ: ಮೇಡಂ, ನಾನು ಎರಡನೇ ವರ್ಷದ ಬಿ.ಕಾಂ. ಭಾನುವಾರ ಒಬ್ಬರ ಮನೆಗೆ ಹೋಗಿ ಟ್ರಿಬ್ಯೂಟ್ ಎಲ್-2000 ನೋಡಬೇಕು. ಹತ್ತು ನಿಮಿಷ ಕೊಡ್ತಾರಂತೆ. ಏನು ಮಾಡಲಿ? (ಮೈಸೂರಿನ ಓದುಗರು)

ಉತ್ತರ: ನಿನ್ನದೇ ಕೇಬಲ್, ಒಂದು ಹೊಸ ಬ್ಯಾಟರಿ ತಗೊಂಡು ಹೋಗಮ್ಮ. ಮೊದಲು ಕೇಬಲ್ ಹಾಕದೆ ನುಡಿಸು, ಪ್ರತಿ ತಂತಿಯ ಪ್ರತಿ ಫ್ರೆಟ್. ಎಲ್ಲಾದರೂ ಕಟಕಟ ಅನ್ನುತ್ತಾ ಕೇಳು. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಹತ್ತಿರ ಸ್ವರ ಬೇಗ ಸತ್ತರೆ ಗಾಬರಿ ಬೇಡ. ಈ ಮಾದರಿಯ ಬೇಸ್‌ಗಳಲ್ಲಿ ಅದು ಸಾಮಾನ್ಯ, ತೀರಾ ಜಾಸ್ತಿ ಇದ್ದರೆ ಮಾತ್ರ ಬಿಡು. ಆಮೇಲೆ ಕೇಬಲ್ ಹಾಕಿ ಪ್ಯಾಸಿವ್, ಪ್ಯಾರಲಲ್, ಎರಡೂ ಪಿಕಪ್. ಆಂಪ್‌ನ ಗೇನ್ ಕೆಳಗೆ. ನಿನಗೆ ಚೆನ್ನಾಗಿ ಬರುವ ಒಂದೇ ಹಾಡು ನುಡಿಸು, ಹೊಸದೇನೂ ಬೇಡ.

ಕೊನೆಗೆ ಬೇಸ್ ನಾಬ್ ಪೂರ್ತಿ ಇಳಿಸಿಬಿಡು. ಅದೇ ಹಾಡು ನುಡಿಸುತ್ತಾ ನಡುನಡುವೆ ಸ್ವಲ್ಪ ಸ್ವಲ್ಪವೇ ಏರಿಸು. ಏರುವ ದಾರಿಯಲ್ಲಿ ಎಲ್ಲೋ ಒಂದು ಕಡೆ, ಇಷ್ಟು ಸಾಕು ಅಂತ ಕೈ ತಾನಾಗೇ ನಿಲ್ಲುತ್ತೆ. ಎಲ್ಲಿ ನಿಂತಿತು ಅಂತ ನನಗೆ ಬರೆ.